ಎರಡನೆಯ ಮಂಗಳವಾರ

ಜೂನ್ 10, ಮಂಗಳವಾರ, ಸಂಜೆ

ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗುಳಿಗೆ ತಂದಾಯಿತು. ನರ್ಸಮ್ಮ ಬಿಪಿ ನೋಡಿ ಹುಬ್ಬು ಏರಿಸಿದಳು. "ಉಪ್ಪಿನಕಾಯಿ ಬಿಟ್ಟೀರೋ ಇಲ್ಲೋ ಅವ್ವಾ?" ಬಿಟ್ಟೇನಿ ಅಂದೆ. ಹೊರಗೆ ಬೆಂಚಿನ ಮೇಲೆ ಡಬ್ಬಿಯೊಳಗೆ ಉಪ್ಪಿನಕಾಯಿ ನನಗಾಗಿ ಕಾಯುತ್ತಿತ್ತು.

ರಾಮದುರ್ಗದ ದವಾಖಾನೆಯ ಹಿಂದೆ ಬೇವಿನ ಗಿಡ, ಅದರ ಕೆಳಗೆ ಕಲ್ಲಿನ ಬೆಂಚು. ಸುಂದರಾಬಾಯಿ ಮೊದಲೇ ಬಂದು ಬೆಂಚು ಒರೆಸಿ ಇಟ್ಟಿದ್ದರು. ಅವರು ಕಟಕೋಳದಿಂದ, ನಾನು ಸುರೇಬಾನದಿಂದ. ತಿಂಗಳ ಎರಡನೆಯ ಮಂಗಳವಾರ ಬಿಪಿ-ಶುಗರಿನವರ ದಿನ. ನಮ್ಮ ದಿನ.

"ತಡಾ ಮಾಡಿದಿ."

"ಬಸ್ಸ ಮಾಡಿತ್ರಿ ಬಾಯಾರ, ನಾನಲ್ಲ."

"ಡಬ್ಬಿ ತಗಿ ಮೊದಲ. ಮಾತು ಆಮ್ಯಾಲೆ."

ನನ್ನ ರೊಟ್ಟಿ, ಶೇಂಗಾ ಚಟ್ನಿ. ಅವರ ಮೆಂತ್ಯದ ಥಾಲಿಪಟ್ಟು, ಆ ಉಪ್ಪಿನಕಾಯಿ. ಅರ್ಧ ಅರ್ಧ. ಯಾವಾಗಲೂ ಹಾಗೆಯೇ.

ನೀಲಕಂಠ ಮಾಸ್ತರರು ಪೇಪರ್ ಹಿಡಿದು ಬಂದರು. ರಿಟೈರಾದವರು, ಮನೆ ರಾಮದುರ್ಗದಲ್ಲೇ. ಗುಳಿಗೆಗಿಂತ ಮಾತಿಗೇ ಬರುವವರು. ಇನ್ನು ಮುಂದೆ ಸರ್ಕಾರ ನಮ್ಮ ಗುಳಿಗೆಗಳನ್ನು ಮನೆಗೇ ಕಳಿಸುತ್ತದಂತೆ.

"ಛಲೋ ಆತಲ್ರಿ ಮಾಸ್ತರ" ಎಂದರು ಸುಂದರಾಬಾಯಿ. ಆಮೇಲೆ ನನ್ನ ಕಡೆ ನೋಡಿದರು. ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ... ಮುಚ್ಚಳ ಕೂರಲೇ ಇಲ್ಲ.

ಜೂನ್ 13

ಮಧ್ಯಾಹ್ನ ಸುಮ್ಮನೆ ಮಲಗಿದ್ದೆ. ಸುಂದರಾಬಾಯಿಯನ್ನು ಮೊದಲನೆಯ ಸಲ ನೋಡಿದ್ದು ನೆನಪಾಯಿತು.

ಕರೋನಾಕ್ಕಿಂತ ಹಿಂದಿನ ಮಾತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂತ ಸಾಲು ನಿಲ್ಲಿಸಿದ್ದರು. ಸಾಲು ಸರಿಯಲಿಲ್ಲ, ಬಿಸಿಲು ಸರಿಯಿತು. ನನ್ನ ಮುಂದಿದ್ದ ಬಾಯಾರು ಗೋಡೆಗೆ ಕೈ ಕೊಟ್ಟು ಹಾಗೇ ಕುಸಿದರು. ಮೈಯೆಲ್ಲ ತಣ್ಣನೆಯ ಬೆವರು. ನರ್ಸಮ್ಮ ಒಳಗೆ ಇದ್ದಳು. ನನ್ನ ಸೆರಗಿನ ಗಂಟಿನಲ್ಲಿ ಬೆಲ್ಲ ಇತ್ತು, ಮೊಮ್ಮಗನಿಗೆಂದು ಕಟ್ಟಿಕೊಂಡದ್ದು. ತುಟಿ ಬಿಡಿಸಿ ಒಂದು ಚೂರು ಬಾಯಿಗೆ ಹಾಕಿದೆ.

ಕಣ್ಣು ಬಿಟ್ಟರು. "ಯಾರವಾ ನೀ?"

"ಸುರೇಬಾನದ ಕಾಡವ್ವರಿ."

ಹೆಸರು ಹೇಳಿದ ಮೇಲೆ ನಮ್ಮ ಓಣಿ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಬೆಲ್ಲ ಉಗುಳುತ್ತಾರೇನೋ ಅಂದುಕೊಂಡೆ.

"ಇನ್ನೊಂದು ಚೂರು ಕೊಡು" ಎಂದರು.

ಅಂದಿನಿಂದ ಆ ಬೆಂಚು. ಎಷ್ಟು ಮಾತು! ಅವರ ಮಗ ಸಂಜೀವನ ಮದುವೆ, ನನ್ನ ಅಂಗನವಾಡಿ ಕೆಲಸ. ಅಲ್ಲಿ ಆಯಾ ಆಗಿದ್ದಾಗ ಮಕ್ಕಳ ಬೆನ್ನ ಹಿಂದೆ ಕೂತು ಅಕ್ಷರ ಕಲಿತದ್ದು ಕೇಳಿ ಬೇಕಾದಷ್ಟು ನಕ್ಕರು. "ಅಂದ್ರ ನಿನ್ನ ಕ್ಲಾಸಮೇಟ್ಸ್ ಎಲ್ಲಾ ಈಗ ಕಾಲೇಜಿನ್ಯಾಗ ಇದ್ದಾರನ್ನು!" ಮುಂದಿನ ತಿಂಗಳು ಒಂದು ಡೈರಿ ತಂದುಕೊಟ್ಟರು. ಅಂದಿನಿಂದ ಬರೆಯುವ ಚಟ.

ಫೋನ್ ನಂಬರ್ ಮಾತ್ರ ಇಬ್ಬರೂ ಕೇಳಲಿಲ್ಲ. ತಿಂಗಳಿಗೊಮ್ಮೆ ಸಿಗುವವರಿಗೆ ನಂಬರ್ ಯಾಕೆ?

ಜುಲೈ 1

ಆಶಾ ಕಾರ್ಯಕರ್ತೆ ಪ್ರಣಿತಾ ಬಂದಿದ್ದಳು. ನಮ್ಮ ಓಣಿಯ ಹುಡುಗಿ, ನಮ್ಮ ಅಂಗನವಾಡಿಯಲ್ಲೇ ಬೆಳೆದವಳು. ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

"ಅವ್ವಾ, ಇನ್ನ ನೀವು ರಾಮದುರ್ಗಕ್ಕ ಹೋಗೂದು ಬ್ಯಾಡ್ರಿ. ನಾನಽ ತಂದು ಕೊಡತೇನಿ."

ಸೊಸೆ ಪೂನಮ್‌ಗೆ ಬಹಳ ಖುಷಿ. "ಪುಣ್ಯಾ ಬರಲಿ. ಬಸ್ಸಿನ್ಯಾಗ ನಿಂತ್ಕೊಂಡು ಹೋಗಿ ಬಂದು ಎರಡ ದಿನ ಕಾಲ ಒತ್ತಕೋತಿದ್ರು ಅತ್ತಿ."

ಮಗ ಅರ್ಜುನನೂ ತಲೆಯಾಡಿಸಿದ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುವವರು. ಏನಂತ ಹೇಳಲಿ? ಗುಳಿಗೆಗೆ ಹೋಗುತ್ತಿರಲಿಲ್ಲ ಅಂತಲೇ?

ಜುಲೈ 8, ಮಂಗಳವಾರ

ಹೋದೆ. ರೂಢಿ ಬಿಡಲಿಲ್ಲ.

ಗುಳಿಗೆ ಕೊಡುವ ಕಿಟಕಿಯಲ್ಲಿ ಹೇಳಿದರು, ನನ್ನ ಹೆಸರು ಸುರೇಬಾನಕ್ಕೆ ಹೋಗಿದೆ. ಸಾಲು ಸಣ್ಣದಾಗಿದೆ. ನಿಲ್ಲಲಾಗದವರು, ಗೋಡೆ ಹಿಡಿದು ಬರುತ್ತಿದ್ದವರು ಯಾರೂ ಕಾಣಲಿಲ್ಲ. ಅವರ ಮಟ್ಟಿಗೆ ಒಳ್ಳೆಯದೇ ಆಗಿದೆ, ಅಲ್ಲ ಅನ್ನಲಾರೆ.

ಬೆಂಚಿನ ಮೇಲೆ ಬೇವಿನ ಎಲೆ ಬಿದ್ದಿದ್ದವು. ಒರೆಸಿ ಕೂತೆ. ಕಟಕೋಳದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಸುಂದರಾಬಾಯಿ ಬರಲಿಲ್ಲ. ನೀಲಕಂಠ ಮಾಸ್ತರರು ಬಂದರು.

"ಇದೇನ್ರಿ ಮಾಸ್ತರ, ಯಾರು ಹಿಂಗ ಮಾಡಿದ್ದು?"

"ದಿಲ್ಲಿಯವರು ದವಾಖಾನಿ ಊರೂರಿಗೆ ಒಯ್ಯರಿ ಅಂದ್ರು. ಊರಾಗಿನ ಉಪಕೇಂದ್ರಕ್ಕ ಹೊಸಾ ಹೆಸರು, ಹೊಸಾ ಬಣ್ಣಾ ಆತು. ಬೆಂಗಳೂರಿನವರು ಕಡಿಮಿ ಏನು? ನಾವು ಮನಿ ಬಾಗಲಿಗೇ ಒಯ್ತೀವಿ ಅಂದ್ರು. ಜಿದ್ದು. ಆದ್ರ ಛಲೋ ಜಿದ್ದು ಕಾಡವ್ವಾ. ನಡೀಲಿಕ್ಕೆ ಬಾರದವರಿಗೆ ಎಷ್ಟು ಅನುಕೂಲ ಅದ."

"ನಡಿಯಾಕ ಬರೋರಿಗ್ರಿ?"

ಮಾಸ್ತರರು ಪೇಪರ್ ಮಡಿಚಿದರು. ಅರ್ಧ ರೊಟ್ಟಿ ಕೊಟ್ಟೆ. ತಿಂದರು. ಚಟ್ನಿ ಖಾರ ಅಂದರು. ಸುಂದರಾಬಾಯಿ ಎಂದೂ ಹಾಗೆ ಅಂದವರಲ್ಲ.

ಜುಲೈ 22

ಇವತ್ತು ನಾನು ಮಾಡಿದ್ದು ನನಗೇ ನಗು ಬರುತ್ತದೆ. ಪ್ರಣಿತಾ ಬರುವುದು ದೂರದಿಂದ ಕಂಡಿತು. ಹಿತ್ತಲಿಗೆ ಹೋಗಿ ಕಟ್ಟಿಗೆ ಒಟ್ಟಿಲ ಹಿಂದೆ ಕೂತೆ. ಮನೆಯಲ್ಲಿ ಸಿಗದಿದ್ದರೆ ರಾಮದುರ್ಗಕ್ಕೇ ಬಾ ಅಂತಾರಲ್ಲ? ಅಷ್ಟೇ ಲೆಕ್ಕ. ಪೂನಮ್ ಹುಡುಕಿಕೊಂಡು ಬಂದಳು.

"ಅತ್ತಿ! ಇಲ್ಲೇನ ಮಾಡಾಕತ್ತೀರಿ?"

"ಕೋಳಿ ತತ್ತಿ ಇಟ್ಟೈತೇನಂತ ನೋಡಾಕತ್ತಿದ್ದೆ."

"ನಮ್ಮ ಮನ್ಯಾಗ ಕೋಳಿ ಎಲ್ಲೆದಾವ್ರಿ?"

ಪ್ರಣಿತಾ ಹಿಂದೆಯೇ ನಿಂತಿದ್ದಳು. ನಗಲಿಲ್ಲ. "ಅವ್ವಾ, ನೀವು ಗುಳಿಗಿ ತಗೊಳ್ಳಿಲ್ಲಂದ್ರ ಬೈಸ್ಕೊಳ್ಳಾಕಿ ನಾನ್ರಿ. ಮೊಬೈಲಿನ್ಯಾಗ ಎಲ್ಲಾರದೂ ಹಸರಾಗೈತಿ. ನಿಮ್ಮ ಹೆಸರೊಂದ ಕೆಂಪ ಉಳದೈತಿ."

ಪಾಪ, ಬಿಸಿಲಲ್ಲಿ ಮನೆ ಮನೆ ತಿರುಗುವ ಹುಡುಗಿ. ತಗೊಂಡೆ. ಹಸಿರಾದೆ.

ಆಗಸ್ಟ್ 5, ಮಂಗಳವಾರ

ಸವದತ್ತಿಗೆ, ಅಣ್ಣನ ಮನೆಗೆ ಅಂತ ಹೇಳಿ ಹೊರಟೆ. ಕಟಕೋಳದಲ್ಲಿ ಇಳಿದೆ.

ಬಸ್ ಸ್ಟ್ಯಾಂಡಿನ ಎದುರು ಒಂದು ಚಹಾ ಅಂಗಡಿ. ಪರಪ್ಪ ಅಂತ ಅವನ ಹೆಸರು.

"ಸುಂದರಾಬಾಯಾರ ಮನಿ ಎಲ್ಲಿ ಬರತೈತಪಾ?"

"ಆ ತಿರುವಿನ್ಯಾಗ ಹೋಗ್ರಿ, ತುಳಸಿಕಟ್ಟಿ ಇದ್ದ ಮನಿ. ನೀವ್ಯಾರಾಗಬೇಕ್ರಿ ಅವರಿಗೆ?"

ಯಾರಾಗಬೇಕು? ಈ ಪ್ರಶ್ನೆಗೆ ಉತ್ತರ ಕಟ್ಟಿಕೊಂಡು ಬಂದಿರಲಿಲ್ಲ. ದವಾಖಾನಿ ಪರಿಚಯ, ಸುರೇಬಾನದಾಕಿ ಅಂದೆ.

ತಿರುವು. ತುಳಸಿಕಟ್ಟೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಬಾಗಿಲು ತೆರೆದೇ ಇತ್ತು. ಒಳಗಿಂದ ಸುಂದರಾಬಾಯಿಯ ದನಿ! ಯಾರನ್ನೋ ಬೈಯುತ್ತಿದ್ದರು, ಹಾಲು ಉಕ್ಕಿಸಿದ್ದಕ್ಕೆ. ಒಂದು ಕೂಗು ಹಾಕಿದ್ದರೆ ಓಡಿ ಬರುತ್ತಿದ್ದರು. ಬಂದಮೇಲೆ? ಒಳಗೆ ಬಾ ಅನ್ನಬೇಕು. ಇಲ್ಲ, ಕಟ್ಟೆಯ ಮೇಲೆ ಕೂಡು ಅನ್ನಬೇಕು. ಒಳಗೆ ಅಂದರೆ ಅವರ ಮನೆಯವರು ಏನೆನ್ನುತ್ತಾರೋ. ಕಟ್ಟೆ ಅಂದರೆ... ಇಷ್ಟು ವರ್ಷದ ಅರ್ಧ ಅರ್ಧ ರೊಟ್ಟಿ ಅಲ್ಲಿಗೆ ಮುಗಿಯಿತು. ದವಾಖಾನೆಯ ಬೆಂಚಿಗೆ ಹೊಸ್ತಿಲು ಇರಲಿಲ್ಲ. ಅಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ.

ಯಾರೂ ತಡೆಯಲಿಲ್ಲ. ನನ್ನ ಕಾಲುಗಳೇ ಹಿಂದಕ್ಕೆ ತಿರುಗಿದವು.

ಪರಪ್ಪ ಕೇಳಿದ, "ಇಷ್ಟ ಲಗೂನ ಹೊಂಟ್ರೇನ್ರಿ? ಸಿಗಲಿಲ್ಲೇನ್ರಿ?"

ಸಿಕ್ಕರಪಾ ಅಂದೆ. ಸುಳ್ಳೇನಲ್ಲ. ದನಿ ಸಿಕ್ಕಿತ್ತು.

ಆಗಸ್ಟ್ 6

ಡಬ್ಬಿ ತೊಳೆದು ಗೋಡೆಯ ಮೇಲಿನ ಮಾಡದಲ್ಲಿ ಇಟ್ಟೆ.

ಸೆಪ್ಟೆಂಬರ್ 2

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೂ ಸರಿ.

ಪ್ರಣಿತಾ ಬಂದಳು. ಚೀಲದಿಂದ ಒಂದು ಪೊಟ್ಟಣ ತೆಗೆದಳು. ನನ್ನದು. ಇನ್ನೊಂದು ತೆಗೆದಳು.

"ಅವ್ವಾ, ನಿಮ್ಮ ಮನ್ಯಾಗ ಸುಂದರಾಬಾಯಿ ಅಂತ ಯಾರರ ಅದಾರೇನ್ರಿ?"

ಆ ಪೊಟ್ಟಣ ಕೈಗೆ ತಗೊಂಡು ಹೆಸರು ಓದಿದೆ.

"ಕಟಕೋಳದ ಆಶಾ ಕೃಷ್ಣವ್ವ ಫೋನ್ ಮಾಡಿದ್ರು. ಅಲ್ಲಿ ಒಬ್ಬರು ಅಜ್ಜಿ, ನನ್ನ ಗುಳಿಗಿ ಇಲ್ಲಿ ಬ್ಯಾಡ, ಸುರೇಬಾನಕ್ಕ ಹಾಕ್ರಿ, ಅಲ್ಲಿ ನಮ್ಮ ತಂಗಿ ಮನಿ ಐತಿ ಅಂತ ಹಟಾ ಹಿಡದು ಬರಿಸ್ಯಾರಂತ. ತಂಗಿ ಹೆಸರು ಕಾಡವ್ವ. ಈಗ ಸರ್ಕಾರದ ಲೆಕ್ಕದಾಗ ಅವರು ನಿಮ್ಮ ಮನಿ ಮಂದಿರಿ!"

"ಮತ್ತೇನರ ಹೇಳ್ಯಾರೇನ?"

"ಹೇಳ್ಯಾರ್ರಿ. ಇದ್ದದ್ದು ಇದ್ದಂಗ ಹೇಳಂದಾರ." ಪ್ರಣಿತಾ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟು, ಅವರನ್ನು ಎಂದೂ ನೋಡದವಳು ಥೇಟ್ ಅವರಂತೆಯೇ ಹೇಳಿದಳು. "ಪರಪ್ಪ ನನಗೆಲ್ಲಾ ಹೇಳ್ಯಾನ. ಅಂಗಳದತನಾ ಬಂದು ಹೊಳ್ಳಿ ಹೋಗ್ಯಾಳ, ಹುಚ್ಚಿ. ಎರಡನೇ ಮಂಗಳವಾರ ನನ್ನ ಗುಳಿಗಿ ತಗೋಳಿಕ್ಕೆ ನಾನಽ ಬರ್ತೀನಿ. ನಾ ಏನ್ ಹೊಳ್ಳಿ ಹೋಗಾಕಿ ಅಲ್ಲ. ಡಬ್ಬಿ ತಯಾರಿಟ್ಟಿರಲಿ."

ಪೂನಮ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅತ್ತಿ, ಇದಕ್ಕೇನ್ರಿ ಕಟ್ಟಿಗಿ ಹಿಂದ ಕುಂತಿದ್ರಿ?" ಅಂದಳು. ಅಳುತ್ತಿದ್ದೆನೋ ನಗುತ್ತಿದ್ದೆನೋ, ಅವಳೇ ಸೆರಗಿನಿಂದ ನನ್ನ ಮುಖ ಒರೆಸಿದಳು.

ಸೆಪ್ಟೆಂಬರ್ 9, ಮಂಗಳವಾರ, ಮುಂಜಾನೆ

ರೊಟ್ಟಿ ಆಯಿತು. ಚಟ್ನಿ ಕುಟ್ಟಿದೆ. ಡಬ್ಬಿ ಕೆಳಗಿಳಿಸಿದೆ.

ಅರ್ಜುನನಿಗೆ ಹೇಳಿ ಮಂಚ ಅಂಗಳಕ್ಕೆ ತರಿಸಿದೆ, ಬೇವಿನ ಗಿಡದ ಕೆಳಗೆ. ಮೇಲೆ ಕೌದಿ ಹಾಸಿದೆ.

"ಒಳಗ ಫ್ಯಾನ್ ಐತೆಲ್ಲ ಅವ್ವಾ, ಹೊರಗ್ಯಾಕ?" ಅಂದ.

"ಇರಲಿ ಬಿಡೋ."

ಒಳಗೆ ಕರೆದರೆ ಬರುತ್ತಾರೆ, ನನಗೆ ಗೊತ್ತು. ಬಂದು ಮನಸ್ಸು ಮುದುಡಿಕೊಂಡು ಕೂತರೆ? ಇಲ್ಲಿ ಗಿಡದ ಕೆಳಗೆ ಆದರೆ ಅದೇ ನೆರಳು, ಅದೇ ಡಬ್ಬಿ. ರಾಮದುರ್ಗದ ಹಾಗೆಯೇ ಇರಲಿ. ಅವರಿಗೂ ಹಗುರ, ನನಗೂ.

ಬಸ್ಸು ಬಂದ ಸಪ್ಪಳ...

ಅದೇ ದಿನ, ಮಧ್ಯಾಹ್ನ

ಮಂಚದ ಮೇಲೆ ಕೂರಲೇ ಇಲ್ಲ! ಕಡೆಗಣ್ಣಿನಿಂದ ನೋಡಿದರು. "ಇದೇನು, ಇಲ್ಲೂ ದವಾಖಾನಿ ತಗದೀಯೇನು? ಆ ಕಲ್ಲಿನ ಬೆಂಚಿನ ಮ್ಯಾಲೆ ಕುಂತು ಕುಂತು ಸೊಂಟಾ ಹೋಗೇದ. ಸರಿ ಆಚೆ."

"ಬಾಯಾರ, ಒಳಗ ಬಿಸಲ ಬಡದು ಬಾಳ ಧಗಿ..."

"ಬಾಯಾರ ಅಂದ್ರ ಹೊಳ್ಳಿ ಹೋಗ್ತೀನಿ ನೋಡು. ತಂಗಿ ಅಂತ ಬರಿಸೀನಿ, ಸರ್ಕಾರಕ್ಕ ಸುಳ್ಳು ಹೇಳಿಸ್ತೀಯೇನು?"

ಚಪ್ಪಲಿ ಬಿಟ್ಟರು. ಮೊಣಕಾಲು ಹಿಡಿದು, ನನ್ನ ಹೆಗಲಿನ ಮೇಲೆ ಕೈ ಇಟ್ಟು, ಹೊಸ್ತಿಲು ದಾಟಿದರು. ಒಳಗೆ ಬಂದವರು ನಡುಮನೆಯಲ್ಲೂ ನಿಲ್ಲಲಿಲ್ಲ, ನೇರ ಒಲೆಯ ಮುಂದೆ ಹೋಗಿ ಕೂತರು. ಪೂನಮ್ ತಾಟು ಇಟ್ಟಳು. ಬೇಡ ಅಂದರು. ಪೂನಮ್ ನನ್ನ ಮುಖ ನೋಡಿದಳು. "ಡಬ್ಬಿ ಎಲ್ಲೆ ಅದ? ಡಬ್ಬಿ ಒಳಗಽ ಉಣ್ಣಬೇಕು ಅದು" ಎಂದರು.

ಅರ್ಧ ಅರ್ಧ.

ಉಂಡಮೇಲೆ ಇಬ್ಬರೂ ಎದುರುಬದುರು ಕೂತು ಗುಳಿಗೆ ತಗೊಂಡೆವು, ಒಂದೇ ಚರಿಗೆಯ ನೀರಿನಲ್ಲಿ. ಕಟಕೋಳದ ಮನೆಗೆ ಯಾವಾಗ ಬರುತ್ತೀ ಅಂತ ಕೇಳಿದರು. ದಸರಾ ಮುಗಿಯಲಿ ಅಂದೆ. "ಆಯ್ತು, ನಮ್ಮ ಕೃಷ್ಣವ್ವಗ ಹೇಳಿ ನಿನ್ನ ಗುಳಿಗಿ ಆ ತಿಂಗಳು ಅಲ್ಲೇ ಹಾಕಸ್ತೀನಿ" ಅಂದರು. ಸಂಜೀವ ಏನೆನ್ನುತ್ತಾನೋ ಅಂದೆ. "ಅಂವಾ ಅನ್ನಲಿ. ಅನ್ನೋದನ್ನೆಲ್ಲಾ ಅಂದು ಮುಗಿಸಲಿ. ನಾ ಅಲ್ಲೇ ಇರ್ತೀನಲಾ" ಅಂದರು.

ಒಂದು ಗಳಿಗೆ ಅಡ್ಡಾಗಲಿ ಅಂತ ಚಾಪೆ ಹಾಸಿ ಕೊಟ್ಟು ನಾನು ಹೊರಗೆ ಬಂದೆ. ಖಾಲಿ ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಅಕ್ಕ ಎದ್ದಂತಿದೆ. ಡಬ್ಬ ತೆಗೆದು ಮುಚ್ಚುವ ಸಪ್ಪಳ. ಒಂದಾದಮೇಲೊಂದು.

"ಕಾಡವ್ವಾ, ಬೆಲ್ಲಾ ಎಲ್ಲಿ ಮುಚ್ಚಿಟ್ಟೀ?"

ಹೇಳಲೋ ಬೇಡವೋ. ಹೋದ ಸಲ ಅವರ ಶುಗರ್ ಏರಿತ್ತು. ಇಗೋ, ಅಕ್ಕ ಬಾಗಿಲಿಗೇ ಬಂದರು, ಉಳಿದದ್ದು ಆಮೇಲೆ.