ಬಸಿದ ನೀರು ಮತ್ತು ಬೋರಲಿಂಗಯ್ಯನವರ ನೆತ್ತರು

ಮದ್ದೂರು ಮೇಲೂರು,
ಹದಿಮೂರನೆಯ ತಿಂಗಳು, ತಾರೀಖು ೩೧, ಇಸವಿ ೨೧೯೩

ನಮ್ಮ ಯಜಮಾನರ ಮುತ್ತಜ್ಜಿಗೂ ಮುತ್ತಜ್ಜಿಯಾದ ನಿಂಗಾಜಮ್ಮನವರಿಗೆ, ನಿಮ್ಮ ಮನೆಯ ಸೊಸೆ ಸಣ್ಣತಾಯಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಹೇಳಿದ ಕಾಲಕ್ಕೆ ಬರುವುದನ್ನು ಬಿಟ್ಟ ಮೇಲೆ ಸರ್ಕಾರದವರು ವರ್ಷಕ್ಕೊಂದು ತಿಂಗಳು ಹೆಚ್ಚಿಗೆ ಸೇರಿಸಿದರು. ಮಳೆ ಅದಕ್ಕೂ ಬರಲಿಲ್ಲ, ತಿಂಗಳು ಮಾತ್ರ ಉಳಿದುಕೊಂಡಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಬೇಕು. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಅಂದರೆ ತೀರಿಹೋದ ಹಿರಿಯರು ಬದುಕಿದ್ದ ಕಾಲಕ್ಕೆ ಹೋಗಿ ಮುಟ್ಟುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಪಕ್ಕದ ಮನೆಯವಳು ತನ್ನ ಕಾಗದದಲ್ಲಿ ಮುತ್ತಜ್ಜ ಒಡವೆಗಳನ್ನು ಎಲ್ಲಿ ಹೂತಿಟ್ಟಿದ್ದಾನೆ ಎಂದು ಕೇಳಿದಳು. ನಾನು ಅಂಥ ಆಸೆಬುರುಕಿಯಲ್ಲ. ನನ್ನದು ಬರೀ ದೂರು, ನಿಮ್ಮ ವಂಶದ ಗಂಡಸಿನ ಮೇಲೆ.

ನಮ್ಮ ಕಾಲದಲ್ಲಿ ಉಂಡದ್ದನ್ನು ಮುಚ್ಚಿಡಲು ಆಗುವುದಿಲ್ಲ. ಒಂದೊಂದು ಪದಾರ್ಥವೂ ನೆತ್ತರಿನಲ್ಲಿ ತನ್ನದೊಂದು ಗುರುತು ಬಿಟ್ಟು ಹೋಗುತ್ತದೆ. ಅದಕ್ಕೆ ಉಂಡಗುರುತು ಎನ್ನುತ್ತಾರೆ. ಮೀನಿಗೊಂದು, ಹಲಸಿಗೊಂದು, ಕಾಫಿಗೊಂದು. ಬೆರಳ ತುದಿಯಿಂದ ಒಂದು ಹನಿ ಕೊಟ್ಟರೆ ಸಾಕು, ತಿಂಗಳ ಊಟದ ಜಾತಕವೆಲ್ಲ ಬಿಚ್ಚಿಕೊಳ್ಳುತ್ತದೆ. ಅದನ್ನು ಓದಿ ಹೇಳುವವಳು ನೆತ್ತರೋದುಗಾರ್ತಿ. ನಮ್ಮ ಬೀದಿಗೆ ಹೊಂಬಾಳಮ್ಮ. ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ನೆರಳಲ್ಲಿ ಯಂತ್ರ ಇಟ್ಟುಕೊಂಡು ಒಬ್ಬೊಬ್ಬರದ್ದನ್ನೂ ಗಟ್ಟಿಯಾಗಿ ಓದುತ್ತಾಳೆ. ಹಿಂದೆಲ್ಲ ಗುಟ್ಟಾಗಿ ಓದುತ್ತಿದ್ದರಂತೆ, ಆಗ ಯಾರೂ ಪಥ್ಯ ಮಾಡುತ್ತಿರಲಿಲ್ಲವಂತೆ. ಈಗ ಇಡೀ ಬೀದಿ ಚಾಪೆ ಹಾಸಿಕೊಂಡು ಕೂತು ಕೇಳುತ್ತದೆ. ಹೋದ ಸಲ ಸಸ್ಯಾಹಾರಿಗಳ ಸಂಘದ ಅಧ್ಯಕ್ಷರ ನೆತ್ತರಲ್ಲಿ ನಾಟಿಕೋಳಿ ಕೂಗಿತು.

ನಮ್ಮ ಯಜಮಾನರು ಬೋರಲಿಂಗಯ್ಯನವರಿಗೆ ಈಗ ಅರವತ್ತೆರಡು. ಎರಡು ವರ್ಷದ ಹಿಂದೆ ಅವರ ಕಿಡ್ನಿ ಸೋಲುತ್ತಿದೆ ಎಂದು ಗೊತ್ತಾಯಿತು. ಹೊಸ ಕಿಡ್ನಿ ಅಚ್ಚು ಹಾಕಿಸಬಾರದೇ ಎಂದು ನೀವು ಕೇಳಬಹುದು. ಹಾಕುತ್ತಾರೆ, ಸರದಿ ಬರುವುದಕ್ಕೆ ಹನ್ನೊಂದು ವರ್ಷ. ಅಲ್ಲಿಯವರೆಗೆ ಇರುವುದನ್ನೇ ಜೋಪಾನ ಮಾಡಬೇಕು. ಆಗ ಅವರ ಕಿಡ್ನಿಯ ಅಂಕ ನಲವತ್ನಾಲ್ಕು. ಹದಿನೈದಕ್ಕಿಂತ ಕೆಳಗಿಳಿದರೆ ಯಂತ್ರಕ್ಕೆ ಕಟ್ಟಿಹಾಕುತ್ತಾರೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ನಿಂತೀತು ಎಂದು ಹೆದರಿಸಿ, ಸೊಪ್ಪು ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ಕೊಡಿ ಎಂದು ಹೇಳಿಕೊಟ್ಟರು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಅಂಕ ಇಳಿಯುತ್ತಲೇ ಹೋಯಿತು. ನಲವತ್ತಾಯಿತು, ಮೂವತ್ತೇಳಾಯಿತು. ಪೊಟ್ಯಾಸಿಯಂ ಮಾತ್ರ ಏರುತ್ತಿತ್ತು. ತಿಂಗಳು ತಿಂಗಳೂ ಹೊಂಬಾಳಮ್ಮ ಕನ್ನಡಕ ಏರಿಸಿ, “ಬೋರಣ್ಣ, ಸೊಪ್ಪಿನ ಗುರ್ತು ಬಲು ಜೋರಾಗದೆ ಕಣಣ್ಣ, ಉಪ್ಪೂ ಅಂಗೇ” ಎನ್ನುವಳು. ಬೀದಿಯವರೆಲ್ಲ ನನ್ನ ಕಡೆ ತಿರುಗುವರು. ನನಗೆ ಅವಮಾನವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಇವರು ಕದ್ದು ತಿನ್ನುತ್ತಾರೆಂದು ನಾನು ತೀರ್ಮಾನ ಮಾಡಿಬಿಟ್ಟೆ. ಉಪ್ಪಿನಕಾಯಿ ಜಾಡಿಗೆ ಬೀಗ ಹಾಕಿದೆ. ಜೇಬು ಜಾಲಾಡಿದೆ. ನಮ್ಮಲ್ಲಿ ರಸ್ತೆಯೇ ನಡೆಯುತ್ತದೆ, ಜನ ಸುಮ್ಮನೆ ನಿಂತಿರುತ್ತಾರೆ. ಅಂಥ ರಸ್ತೆಯ ಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಎಂಟು ಮಾರು ಹಿಂದೆ ನಿಂತು ಅವರ ಬೆನ್ನು ಹತ್ತಿದೆ. ಅವರು ಗೆಳೆಯನ ಮನೆಗೆ ಹೋಗಿ ಚೌಕಾಬಾರ ಆಡಿದರು, ಸೋತರು, ಒಂದು ಲೋಟ ನೀರೂ ಮುಟ್ಟದೆ ವಾಪಸು ಬಂದರು. ಆದರೂ ಮನೆಗೆ ಬಂದ ಮೇಲೆ ಬೈದೆ.

“ನಾನೇನೂ ಕದ್ದು ತಿಂದಿಲ್ಲ ಕಣಮ್ಮಿ,” ಎಂದರು.

“ಅಂಗಾದ್ರೆ ನಿಮ್ಮ ನೆತ್ರು ಸುಳ್ಳು ಹೇಳ್ತದಾ?” ಎಂದೆ.

ಅವರು ತಲೆ ತಗ್ಗಿಸಿ, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು.

ಮೂರು ತಿಂಗಳ ಹಿಂದೆ ಅಂಕ ಮೂವತ್ಮೂರಕ್ಕೆ ಬಂತು. ಹೊಂಬಾಳಮ್ಮನಿಗೇ ಅನುಮಾನ ಬಂದು ಅದೇ ಹನಿಯನ್ನು ಮೂರು ಸಲ ಓದಿಸಿದಳು. ಆಮೇಲೆ ನನ್ನನ್ನು ಕರೆದಳು. “ಸೊಪ್ಪಿನ ರಸ ಅದೆ, ಸೊಪ್ಪಿನ ನಾರು ಅಷ್ಟಾಗಿ ಕಾಣೆ. ಸಣ್ಣತಾಯಕ್ಕ, ಆ ಬಸಿದ್ ನೀರ ಏನ್ ಮಾಡ್ತೀಯೆ?”

ನಾನು ಸೊಂಟದ ಮೇಲೆ ಕೈಯಿಟ್ಟು ಹೇಳಿದೆ. “ಏನ್ ಮಾಡ್ತಾರೆ? ಬಸ್ಸಾರು ಮಾಡ್ತೀನಿ.”

ಚಾಪೆಯ ಮೇಲಿದ್ದವರೆಲ್ಲ ಹಣೆ ಚಚ್ಚಿಕೊಂಡರು.

ಅವ್ವ, ನೀವೇ ನ್ಯಾಯ ಹೇಳಿ. ನಿಮ್ಮ ಮನೆಗೆ ಸೊಸೆಯಾಗಿ ಬಂದವಳು ಸೊಪ್ಪು ಬೆಂದ ನೀರನ್ನು ಮೋರಿಗೆ ಚೆಲ್ಲುವುದುಂಟೆ? ನಿಮ್ಮ ಕೈಯಿಂದ ನಿಮ್ಮ ಸೊಸೆಗೆ, ಅವಳಿಂದ ಅವಳ ಸೊಸೆಗೆ ಬಂದ ಪಾಠ ಅದು. ಪೊಟ್ಯಾಸಿಯಂ ಕಳೆದುಕೊಂಡ ಸೊಪ್ಪನ್ನು ಪಥ್ಯದ ಪಲ್ಯವೆಂದು ತಟ್ಟೆಯ ಒಂದು ಮೂಲೆಗೆ ಇಷ್ಟೇ ಇಷ್ಟು ಇಟ್ಟೆ. ಅದು ನೀರಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಬೆಳ್ಳುಳ್ಳಿ, ಜೀರಿಗೆ, ಹುರಿದ ಮೆಣಸಿನಕಾಯಿ ರುಬ್ಬಿ ಹಾಕಿ ಕುದಿಸಿ, ಸಪ್ಪೆ ಬಸ್ಸಾರು ಯಾರಿಗೆ ಸೇರುತ್ತದೆ ಎಂದು ಉಪ್ಪನ್ನೂ ಹೆಚ್ಚಾಗಿ ಹಾಕಿ, ಎರಡು ಹೊತ್ತೂ ಸೌಟು ಸೌಟು ಸುರಿದೆ. ಅವರ ಪಾಲಿನ ಕಳ್ಳ ಅಡುಗೆಮನೆಯಲ್ಲೇ ಇದ್ದ, ನನ್ನ ಸೀರೆ ಉಟ್ಟುಕೊಂಡು.

ಮನೆಗೆ ಬಂದು ಅವರನ್ನೇ ಕೇಳಿದೆ, “ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣಮ್ಮಿ. ನೀರ ಚೆಲ್ಬುಡಿ ಅಂತ ಡಾಕ್ಟ್ರು ಅಂದ್ರು. ನೀನಾಗ ಅವ್ರ ಹೆಂಡ್ತಿ ಊರ್ಯಾವ್ದು ಅಂತ ಕೇಳ್ತಿದ್ದೆ.”

“ಮತ್ತೆ ಬಾಯಿ ಬುಟ್ಟು ಹೇಳ್ಬಾರ್ದಾಗಿತ್ತಾ?”

“ಬಡಿಸ್ಬುಟ್ಟು ಎದುರ್ಗೇ ನಿಂತ್ಕತೀಯ. ಹೆಂಗದೆ, ಹೆಂಗದೆ ಅಂತೀಯ. ಬ್ಯಾಡ ಅನ್ನಕ್ಕೆ ನಾಲ್ಗೆ ಬರ್ನಿಲ್ಲ.”

ಎರಡು ವರ್ಷ ಬೀದಿಯವರ ಮುಂದೆ ಕಳ್ಳ ಅನ್ನಿಸಿಕೊಂಡರು, ನನ್ನ ಸಾರು ಬೇಡ ಎನ್ನಲಿಲ್ಲ. ಸಿಟ್ಟಿಗೆ ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದೆ. ಆಮೇಲೆ ನಾನೇ ಎತ್ತಿ ತೊಳೆದಿಟ್ಟು, ಒಲೆಯ ಮುಂದೆ ಕೂತು ಅತ್ತೆ.

ಈಗ ಬಸಿದ ನೀರು ಹಿತ್ತಲಿಗೆ ಹೋಗುತ್ತದೆ, ದಾಸವಾಳ ಸೊಕ್ಕಿ ಬೆಳೆದಿದೆ. ಯಜಮಾನರ ಪೊಟ್ಯಾಸಿಯಂ ಇಳಿದಿದೆ. ಕಳೆದ ಎರಡು ಓದಿನಲ್ಲೂ ಅಂಕ ಮೂವತ್ಮೂರರಲ್ಲೇ ನಿಂತಿದೆ. ಕಳೆದುಹೋದ ಹನ್ನೊಂದು ಅಂಕ ಮಾತ್ರ ತಿರುಗಿ ಬರುವುದಿಲ್ಲವಂತೆ. ಅದಕ್ಕೇ ನನ್ನ ಜನ್ಮಕ್ಕಿದ್ದ ಒಂದೇ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ.

ಬಸ್ಸಾರು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಿಡ್ನಿ ಗಟ್ಟಿಯಿರುವವರು ಸುರಿದುಕೊಂಡು ಉಣ್ಣಲಿ. ನನ್ನ ಬೇಡಿಕೆ ಬೇರೆ. ಲೆಕ್ಕದ ಪ್ರಕಾರ ಈಗ ನಿಮ್ಮ ಮಗ ಚಿಕ್ಕವನಿರಬೇಕು. ತಟ್ಟೆಯ ಮುಂದೆ ಕೂತು ಬೇಡ ಎಂದು ಅವನು ಮುಖ ತಿರುಗಿಸಿದರೆ, ದಮ್ಮಯ್ಯ, ಕಣ್ಣು ಬಿಟ್ಟು ಗದರಿಸಿ ತುರುಕಬೇಡಿ. ಬೇಡ ಎನ್ನುವುದು ಅವನಿಗೆ ರೂಢಿಯಾಗಲಿ. ಅವನು ತನ್ನ ಮಗನಿಗೆ ಕಲಿಸಲಿ, ಆ ಮಗ ಅವನ ಮಗನಿಗೆ. ಹಾಗೇ ಇಳಿದು ಇಳಿದು ಆ ಒಂದು ಮಾತು ನಮ್ಮ ಯಜಮಾನರ ಬಾಯಿಗೆ ಬಂದು ಸೇರಿದರೆ, ಎರಡು ವರ್ಷದ ಹಿಂದೆ ನಾನು ಮೊದಲ ಸೌಟು ಬಗ್ಗಿಸಿದ ದಿನವೇ ಅವರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ನಾನು ಮುನಿಸಿಕೊಳ್ಳುತ್ತೇನೆ, ಒಂದು ವಾರ ಮಾತು ಬಿಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಬಿಟ್ಟರೆ ಬಿಟ್ಟೇನು ಅವ್ವ. ನಾನು ಮುನಿಸಿಕೊಳ್ಳುವುದಕ್ಕಾದರೂ ಅವರು ಇನ್ನೂ ಬಹಳ ವರ್ಷ ನನ್ನ ಎದುರಿಗೆ ಕೂತಿರಲಿ.

ಇಷ್ಟು ಹೇಳಿ ನಿಮ್ಮ ಪಾದ ಮುಟ್ಟುವ,
ಸಣ್ಣತಾಯಮ್ಮ