ನೂರಾ ಮೂವತ್ತೆರಡು ಪೌಂಡು

ಬೈರಿದೇವರಕೊಪ್ಪ, ಹುಬ್ಬಳ್ಳಿ
ಶನಿವಾರ, ೧೨ ಮಾರ್ಚ್ ೧೯೩೮

ಪ್ರೀತಿಯ ಅಪ್ಪನವರಿಗೆ,

ನಿಮ್ಮ ಮಗ ಇಮಾಮಹುಸೇನನ ಸಲಾಮು. ಹಡಗಿನ ಪ್ರಯಾಣ ಹೇಗಾಯಿತು? ಮೊಣಕಾಲು ನೋವು ಈಗ ಹೇಗಿದೆ? ಅವ್ವ ಕಟ್ಟಿಕೊಟ್ಟ ಎಳ್ಳೆಣ್ಣೆಯ ಸೀಸೆ ಮುಂಬಯಿ ಮುಟ್ಟುವ ಮೊದಲೇ ಒಡೆಯಿತು ಎಂದು ಡಿಸೆಂಬರಿನಲ್ಲಿ ಬರೆದಿದ್ದಿರಿ. ಅದೇ ನಿಮ್ಮ ಕೊನೆಯ ಪತ್ರ. ಮಕ್ಕಾ ವಿಳಾಸಕ್ಕೆ ನಾನು ಹಾಕಿದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ನಿಮ್ಮ ಜೊತೆಗೆ ಹಜ್ಜಿಗೆ ಹೊರಟ ಯಾಕೂಬಸಾಬರ ಮನೆಗೂ ಏನೂ ಬಂದಿಲ್ಲವಂತೆ, ಆದ್ದರಿಂದ ಟಪಾಲಿನದೇ ತಪ್ಪು ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೇವೆ. ಈ ತಿಂಗಳ ಕೊನೆಗೆ ಹಡಗು ಮುಂಬಯಿಗೆ ಬರುತ್ತದಂತೆ. ಅದಕ್ಕೇ ಇದನ್ನು ಅಲ್ಲಿ ಹಜ್ ಯಾತ್ರಿಕರು ತಂಗುವ ಮುಸಾಫಿರಖಾನೆಗೆ ಕಳಿಸುತ್ತಿದ್ದೇನೆ. ಇಳಿದ ಕೂಡಲೇ ಟಪಾಲು ಕಚೇರಿಯಿಂದ ಅವ್ವನಿಗೆ ಒಂದು ತಾರು ಕೊಡಿ, ಒಳಕೋಣೆ ಬಿಟ್ಟು ಪಡಸಾಲೆಗೆ ಬಂದು ಮಲಗು ಎಂದು. ಆ ಕೋಣೆಯ ಗೋಡೆ ಬೀಳುವ ಹಾಗಿದೆ, ಅವಳು ನನ್ನ ಮಾತಿಗೆ ಕಿವಿಗೊಡುತ್ತಿಲ್ಲ. ಎಲ್ಲವನ್ನೂ ಹೇಳುತ್ತೇನೆ, ಸಿಟ್ಟಾಗಬೇಡಿ.

ನನ್ನ ಪರೀಕ್ಷೆ ಮೇ ತಿಂಗಳಲ್ಲಿ, ಪುಣೆಯಲ್ಲಿ. ನಕ್ಷೆಯ ಭಾಗ ಹೋದ ವರ್ಷವೇ ಪಾಸಾಯಿತು. ಕಟ್ಟಡದ ಬಲಾಬಲದ ಎರಡು ಪೇಪರು ಉಳಿದಿವೆ, ಅವೂ ಆದರೆ ಸ್ವಂತ ಸಹಿಯ ಮೇಲೆ ಮನೆ ಕಟ್ಟಿಸುವ ಪರವಾನಗಿ ಕೈಗೆ ಬರುತ್ತದೆ. ಹೋದ ಸಲ ಆ ಎರಡರಲ್ಲೇ ನಾನು ಮಣ್ಣು ಮುಕ್ಕಿದ್ದು. ತೊಲೆ ಎಷ್ಟು ಹೊರುತ್ತದೆ, ಛಾವಣಿ ಗೋಡೆಯನ್ನು ಎಷ್ಟು ತಳ್ಳುತ್ತದೆ ಎಂದು ನೀವು ಬೆರಳ ಗೆಣ್ಣಿನಿಂದ ಬಡಿದು ಹೇಳುತ್ತೀರಿ. ನಿಮ್ಮ ಮಗ ಮೂರು ಹಾಳೆ ಲೆಕ್ಕ ಹಾಕಿ ತಪ್ಪು ಹೇಳುತ್ತಾನೆ. ಭಾನುವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ, ಗಣಿತ ಕಲಿಸಿ ನಿವೃತ್ತರಾದ ತ್ರ್ಯಂಬಕ ಮಾಸ್ತರರ ಹತ್ತಿರ ತಿದ್ದಿಸಿಕೊಂಡು ಬರುತ್ತೇನೆ. "ಪುಸ್ತಕದಾಗಿನ ಮನಿ ಎಲ್ಲಾ ವಿಲಾಯತಿ ಮನಿ. ಮೊದಲ ನಿಮ್ಮ ಮನಿ ಅಳತಿ ಮಾಡು" ಎಂದು ಅವರು ಜನವರಿಯಲ್ಲಿ ಹೇಳಿದರು. ಒಳ್ಳೆಯ ಹುಡುಗನ ಹಾಗೆ ಅಳೆಯಲು ಹೊರಟೆ.

ಒಳಕೋಣೆಯ ಪಡುವಣ ಗೋಡೆ ಅಳೆಯಲು ಕೌದಿಗಳ ರಾಶಿಯನ್ನು ಸರಿಸಿದೆ. ನಡುಹಗಲು, ಛಾವಣಿಯ ಗಾಜಿನ ಹಂಚಿನಿಂದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಭುಜದ ಎತ್ತರದಲ್ಲಿ ಒಂದು ಸಣ್ಣ ಬಿರುಕು. ಅದಕ್ಕೆ ಅಡ್ಡಲಾಗಿ ಗಂಜಿ ಹಚ್ಚಿ ಅಂಟಿಸಿದ ಕಾಗದದ ಪಟ್ಟಿ, ನಡುವೆ ಹರಿದದ್ದು. ಗೋಡೆ ಸರಿಯುತ್ತಿದೆಯೇ ಎಂದು ತಿಳಿಯಲು ನೀವು ಊರವರ ಮನೆಗಳಲ್ಲಿ ತಾರೀಖು ಬರೆದು ಅಂಟಿಸುವ ಪಟ್ಟಿಯೇ ಅದು. ಗೋಡೆ ಸರಿದರೆ ಕಾಗದ ಹರಿಯುತ್ತದೆ. ಅದರ ಮೇಲೆ ನಿಮ್ಮ ದಪ್ಪ ಅಕ್ಷರದಲ್ಲಿ "ಜನವರಿ ೧೩" ಎಂದಿತ್ತು. ನೀವು ಡಿಸೆಂಬರ್ ಹದಿಮೂರಕ್ಕೇ ಹೊರಟುಹೋದವರು. ನೀವು ಬಾಗಿಲಲ್ಲಿ ನಿಂತಿದ್ದೀರೇನೋ ಎಂದು ನಿಜವಾಗಿಯೂ ತಿರುಗಿ ನೋಡಿದೆ.

ಅವ್ವನನ್ನು ಕೂಗಿ ಕೇಳಿದರೆ ಅವಳು ತಣ್ಣಗೆ ಡಬ್ಬಿ ತಂದು ತೋರಿಸಿದಳು. ಮಾರ್ಚ್ ಕೊನೆಯವರೆಗೆ ತಾರೀಖು ಬರೆದ ಹದಿನಾರು ಪಟ್ಟಿಗಳನ್ನು ನೀವು ಸಾಲಾಗಿ ಜೋಡಿಸಿಕೊಟ್ಟು, ಗುರುವಾರಕ್ಕೊಂದರಂತೆ ಅಂಟಿಸಲು ಹೇಳಿ ಹೋಗಿದ್ದಿರಂತೆ. ಹಾಗಾದರೆ ಹೆದರಲು ಏನೂ ಇಲ್ಲ ಎಂದುಕೊಂಡು ಉಸಿರುಬಿಟ್ಟೆ. ಆದರೆ ಕೈ ಸುಮ್ಮನಿರಲಿಲ್ಲ. ಉಗುರಿನಿಂದ ಸುಣ್ಣ ಕೆರೆದೆ. ಕೆಳಗೆ ಇನ್ನೊಂದು ಹರಿದ ಪಟ್ಟಿ, ಅದರ ಕೆಳಗಿನ ಪದರದಲ್ಲಿ ಮತ್ತೊಂದು. ವರ್ಷ ವರ್ಷವೂ ರಂಜಾನಿಗೆ ಮೊದಲು ನೀವೇ ಸುಣ್ಣ ಬಳಿಯುತ್ತಿದ್ದಿರಿ, ಆ ಗೋಡೆಗೆ ನನ್ನನ್ನು ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗಿನದರ ಮೇಲೆ ೧೯೩೧ ಎಂದಿತ್ತು.

ಅಪ್ಪಾ, ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ನಾನಾಗ ನಕ್ಷೆ ಬರೆಯಲು ಕಲಿಯುತ್ತಿದ್ದೆ. ಅಡ್ಡತೊಲೆಯ ನೆರಳು ಹಾಳೆಯ ಮೇಲೆ ಬೀಳುತ್ತದೆ ಎಂದು ಒಂದು ದಿನ ಗೊಣಗಿದೆ. ಮರುದಿನ ನೀವು ಗರಗಸ ತಂದು ಆ ತೊಲೆಯನ್ನೇ ಕೊಯ್ದಿರಿ. "ಅಡ್ಡತೊಲಿಗೆ ಕೈ ಹಚ್ಚಬ್ಯಾಡ್ರಿ, ಎರಡೂ ಗ್ವಾಡಿ ಹಿಡಕೊಂಡಿದ್ದು ಅದೊಂದ ಐತಿ" ಎಂದು ಹುಬ್ಬಳ್ಳಿಯ ಸಾಹುಕಾರರನ್ನೂ ಗದರುವ ನನ್ನ ಅಪ್ಪ ಗುಲಾಬಸಾಬ ಮೇಸ್ತ್ರಿ, ತಮ್ಮ ಮನೆಯಲ್ಲಿ ಮಗನ ಒಂದು ಗೊಣಗಿಗೆ ಸೋತರು. ಏಳು ವರ್ಷ ಆ ಗೋಡೆಯನ್ನು ಒಬ್ಬರೇ ಕಾಯ್ದಿರಿ, ನನ್ನ ಮುಂದೆ ಉಸಿರೆತ್ತಲಿಲ್ಲ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ.

ಅಂದೇ ಲೆಕ್ಕ ಹಾಕಿದೆ. ಅಡ್ಡತೊಲೆ ಇಲ್ಲದ ಛಾವಣಿ ಆ ಗೋಡೆಯನ್ನು ಹೊರಗೆ ತಳ್ಳುತ್ತದೆ, ಗೋಡೆ ತನ್ನ ಭಾರದಿಂದ ತಡೆಯುತ್ತದೆ, ಆದರೂ ಸ್ವಲ್ಪ ಕಡಿಮೆ ಬೀಳುತ್ತದೆ. ಬಿರುಕಿನ ಜಾಗದಲ್ಲಿ ನೂರಾ ಮೂವತ್ತೆರಡು ಪೌಂಡು ಆಸರೆ ಬೇಕು. ಮಾಸ್ತರರು ಮೂರು ಸಲ ತಾಳೆ ನೋಡಿ ಸರಿ ಎಂದರು. ಬಡಿಗ ಫಕೀರಪ್ಪನಿಂದ ಒಂದು ಸಾಗವಾನಿ ಆಸರೆಗಂಬ ತರಿಸಿದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅವರು ಬರೂತನಕಾ ಗ್ವಾಡಿ ನೋಡ್ಕೊಂಡಿರು ಅಂದಾರ. ಅವರ ಮಾತು ಬಂದರ ಬಿಡತೇನಿ, ನಿನ್ನ ಮಾತಿಗೆ ಅಲ್ಲ" ಎಂದಳು. ಕಂಬ ಅಂಗಳದಲ್ಲೇ ಬಿದ್ದಿದೆ.

ಫೆಬ್ರುವರಿ ಮೂರರವರೆಗೆ ಎಂಟೂ ಪಟ್ಟಿಗಳು ಒಂದೊಂದೇ ಹರಿದವು. ಅಲ್ಲಿ ನಿಮ್ಮ ಹಜ್ಜು ನಡೆಯುವ ಬಕ್ರೀದಿನ ವಾರ ಅಂಟಿಸಿದ ಒಂಬತ್ತನೆಯದು ಹರಿಯಲಿಲ್ಲ. ಆಮೇಲಿನ ನಾಲ್ಕೂ ಹಾಗೇ ಇವೆ. ಬೇಸಿಗೆ ಏರಿದಂತೆ ನಮ್ಮ ಎರೆಮಣ್ಣು ಬಿರಿದು ಗೋಡೆ ಇನ್ನಷ್ಟು ಸರಿಯಬೇಕು. ಮಾಸ್ತರರೇ ಇಲ್ಲಿಗೆ ಬಂದರು, ಮತ್ತೆ ಅಳೆದರು, "ಲೆಕ್ಕ ತಪ್ಪಿಲ್ಲೋ, ಗ್ವಾಡಿ ತಪ್ಪೇತಿ" ಎಂದು ನಕ್ಕರು. ಆಮೇಲೆ ಬಿರುಕಿನ ಹತ್ತಿರ ಕೈಯಿಟ್ಟು ನಗು ನಿಲ್ಲಿಸಿದರು. ಅಲ್ಲಿ ಒಬ್ಬರ ಬೆನ್ನಗಲದಷ್ಟು ಸುಣ್ಣ ಉಜ್ಜಿಹೋಗಿದೆ, ಮುಟ್ಟಿದರೆ ಆ ಜಾಗ ಮಾತ್ರ ಬೆಚ್ಚಗಿದೆ. ಮಾಸ್ತರರು ಚಹಾ ಕುಡಿಯದೆ ಹೊರಟರು.

ಅವ್ವ ಈಗ ಕೌದಿಗಳನ್ನೆಲ್ಲ ಆಚೆ ಗೋಡೆಗೆ ಸರಿಸಿದ್ದಾಳೆ. ಯಾಕೆ ಎಂದು ಕೇಳಿದೆ. "ನಿಂತವರಿಗೆ ಜಾಗಾ ಬೇಕಲ್ಲೋ" ಎಂದಳು. ನಿಂತವರು ಯಾರು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಒಳಗೆ ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತಾಳೆ. ಗೋಡೆಯ ಬುಡದಲ್ಲಿ ದಿನವೂ ಒಂದು ತಂಬಿಗೆ ನೀರು ಇಡುತ್ತಾಳೆ. ಹೀಗೇ ಬಿಟ್ಟರೆ ಅವಳ ಮನಸ್ಸು ಕೆಡುತ್ತದೆ, ಇಲ್ಲವೇ ಗೋಡೆ ಅವಳ ಮೇಲೆ ಬರುತ್ತದೆ. ಅದಕ್ಕೇ ಆ ತಾರಿಗಾಗಿ ಇಷ್ಟು ಅಂಗಲಾಚುತ್ತಿದ್ದೇನೆ.

ಯಾಕೂಬಸಾಬರಿಗೆ ನನ್ನ ಸಲಾಮು ಹೇಳಿ. ಅವ್ವನ ಸಲಾಮು ನಿಮಗೆ. ಅಲ್ಲಾಹನು ನಿಮ್ಮನ್ನು ಕ್ಷೇಮವಾಗಿ ಮನೆಯ ಹೊಸ್ತಿಲಿಗೆ ಮುಟ್ಟಿಸಲಿ.

ನಿಮ್ಮ ಮಗ,
ಇಮಾಮಹುಸೇನ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ನನ್ನನ್ನು ಕರೆದು ಕುರಾನಿನ ಪುಟಗಳ ನಡುವಿಂದ ಒಂದು ಚೀಟಿ ತೆಗೆದುಕೊಟ್ಟಳು, ಓದಿ ಹೇಳು ಎಂದಳು. ಹೊರಡುವ ದಿನ ಸ್ಟೇಶನ್ನಿನ ತೂಕದ ಯಂತ್ರದ ಮೇಲೆ ನಿಂತು, ನಗುತ್ತಾ ಅವಳ ಕೈಗೆ ಕೊಟ್ಟಿದ್ದಿರಲ್ಲ, ಆ ಚೀಟಿ. ನೂರಾ ಮೂವತ್ತೆರಡು ಪೌಂಡು. ನಾನು ಓದಿದೆ. ಅವಳು ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತಾ ಕೂತಳು. ಮೇಲೆ ಕೇಳಿದ ತಾರು ಬೇಡ. ಇದ್ದೇನೆ ಎಂದು ನಿಮ್ಮ ಕೈಯ ಒಂದು ಸಾಲು ಬರಲಿ, ಸಾಕು. ಫಕೀರಪ್ಪನಿಗೆ ಹೇಳಿ ಕಳಿಸಿದೆ, ಈ ಸಲ ಅವ್ವ ಬೇಡವೆನ್ನಲಿಲ್ಲ. ನಾಳೆ ಬೆಳಿಗ್ಗೆ ಆಸರೆಗಂಬ ನಿಲ್ಲಿಸುತ್ತೇವೆ, ಹೊಸ ಅಡ್ಡತೊಲೆಯನ್ನೂ ಏರಿಸುತ್ತೇವೆ. ಅಪ್ಪಾ, ಇನ್ನು ನೀವು ಅಲ್ಲಿ ನಿಲ್ಲಬೇಕಿಲ್ಲ. ಮನೆಗೆ ಬನ್ನಿ.