ಮಡುವಿನ ತಲೆಯೆಣಿಕೆ

ಜೂನ್ 2, ಭಾನುವಾರ

ವಿನ್ನಿಗೆ ಕಾಗದ. ಮೊದಲು ಇಲ್ಲೇ ಗೀಚಿಕೊಳ್ಳುತ್ತೇನೆ, ಚಹಾ ಆದ ಮೇಲೆ ಒಳ್ಳೆಯ ಹಾಳೆಗೆ ಇಳಿಸಬೇಕು.

ಪ್ರೀತಿಯ ವಿನ್ನಿ ಅಕ್ಕ, ನಿನ್ನ ಮಂಡಿ ಹೇಗಿದೆ? ಕ್ಲೆಮ್ ಭಾವನ ಕೆಮ್ಮು ಇಳಿಯಿತೇ, ಇಲ್ಲ ಇನ್ನೂ ಕದ್ದು ಸೇದುತ್ತಿದ್ದಾರೋ? ರೋಸಲಿಂಡ್‌ಗೆ ಈಗ ಏಳನೇ ತಿಂಗಳಲ್ಲವೇ, ಕಾಲು ಎತ್ತರಕ್ಕಿಟ್ಟು ಕೂರಲು ಹೇಳು. ಮುದಿ ನಾಯಿ ಬಾರ್ನಬಿ ಇದ್ದಾನೆಯೇ?

ನಾನು ಚೆನ್ನಾಗಿದ್ದೇನೆ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆ ಎಣಿಸಿದವಳು, ಈಗ ನದಿಯಲ್ಲಿ ತಲೆ ಎಣಿಸುತ್ತಿದ್ದೇನೆ. ನಗಬೇಡ. ನಮ್ಮ ಟೆರಿನ್ ನದಿಯ ಕುರಿ ತೊಳೆಯುವ ಮಡು ಗೊತ್ತಲ್ಲ, ನಾವಿಬ್ಬರೂ ಈಜು ಕಲಿತದ್ದು ಅಲ್ಲಿಯೇ. ಅದರ ಮೇಲುಗಡೆ ನೀರು ಕಂಪನಿಯ ಕೊಳವೆ ಇದೆ. ಜೋರು ಮಳೆ ಬಂದಾಗ ಮಾತ್ರ ಊರಿನ ಕೊಳಚೆಯನ್ನು ನದಿಗೆ ಬಿಡಲು ಅವರಿಗೆ ಅನುಮತಿ. ಯಾವಾಗ ಬಿಟ್ಟರು, ಎಷ್ಟು ಬಿಟ್ಟರು — ಅಳೆಯುವವರೂ ಅವರೇ, ವರದಿ ಬರೆಯುವವರೂ ಅವರೇ. ಸರ್ಕಾರದವರು ತಾವೇ ಬಂದು ಶೀಶೆಯಲ್ಲಿ ನೀರು ಹಿಡಿದು ನೋಡಬೇಕಾದರೆ ಅದು ‘ಸ್ನಾನದ ಸ್ಥಳ’ ಎಂದು ಪಟ್ಟಿಗೆ ಸೇರಬೇಕು. ಪಟ್ಟಿಗೆ ಸೇರಬೇಕಾದರೆ ದಿನಕ್ಕೆ ಸರಾಸರಿ ನೂರು ಜನ ಅಲ್ಲಿ ನೀರಿಗಿಳಿಯುತ್ತಾರೆಂದು ನಾವು ತೋರಿಸಬೇಕು. ಇಪ್ಪತ್ತು ದಿನದ ಎಣಿಕೆ. ಯಾವ ಯಾವ ದಿನ ಎಂದು ಮೇ ತಿಂಗಳಲ್ಲೇ ಬರೆದುಕೊಟ್ಟಾಗಿದೆ, ಬದಲಿಸುವಂತಿಲ್ಲ.

ಇದೆಲ್ಲ ಪಕ್ಕದ ಮನೆಯ ಗಾಡ್‌ಫ್ರೀಯ ಹಟ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದನಲ್ಲ, ಅವನೇ. ನಲವತ್ತು ವರ್ಷ ಬೆಳಬೆಳಗ್ಗೆ ಮಡುವಿಗೆ ಹಾರುತ್ತಿದ್ದವನು. ಹೋದ ವರ್ಷದ ಹಿಂದಿನ ವರ್ಷ ನೀರಿನಿಂದ ಸೋಂಕು ತಗುಲಿ ಒಂದು ಕಿಡ್ನಿ ಹೋಯಿತು. ಇನ್ನು ನದಿಗೆ ಇಳಿಯಬಾರದೆಂದು ಡಾಕ್ಟರ ಅಪ್ಪಣೆ. ನಾನು ಕೇಳಿದೆ, ನೂರೇ ಯಾಕೆ ಎಂದು.

“ಅದೇ ಅವರ ಲೆಕ್ಕ ಹೆಸ್ಟರ್. ನೂರು ಜನ ಮುಳುಗೋವರೆಗೂ ನೀರು ಹೆಂಗಿದೆ ಅಂತ ಯಾರೂ ಮೂಸಿನೋಡಲ್ಲ.”

ಜೂನ್ 8, ಶನಿವಾರ

131 ತಲೆ. ಬಿಸಿಲು. ಬೆಂಚಿನ ಮೇಲೆ ಕೂತು ಎಣಿಸುವ ಯಂತ್ರ ಒತ್ತುವುದು, ಟಿಕ್ ಟಿಕ್. ಹೆಬ್ಬೆರಳು ಊದಿದೆ.

ಕಾಲಷ್ಟೇ ಅದ್ದಿದರೂ ಲೆಕ್ಕಕ್ಕುಂಟು. ನಾಯಿ ಲೆಕ್ಕಕ್ಕಿಲ್ಲ. ಪಾದ್ರಿಯವರು ಸ್ಯಾಂಡ್‌ವಿಚ್ ಹಿಡಿದುಕೊಂಡೇ ಜಾರಿ ಬಿದ್ದರು.

“ಒತ್ತಿಬಿಡು,” ಗಾಡ್‌ಫ್ರೀ ಅಂದ.

“ಅವರೇನು ಸ್ನಾನಕ್ಕೆ ಬಂದಿದ್ರಾ? ಬಿದ್ದಿದ್ದು.”

“ಸೊಂಟದವರೆಗೂ ಒದ್ದೆಯಾಗಿದಾರೆ. ಇನ್ನೇನು, ಸೋಪು ಹಚ್ಕೋಬೇಕಿತ್ತಾ?”

ಒತ್ತಲಿಲ್ಲ. ಬೇಜಾರು ಮಾಡಿಕೊಂಡ. ಆಮೇಲೆ ಪಾದ್ರಿಯವರೇ ಹೇಗೂ ಒದ್ದೆಯಾಯಿತು ಎಂದು ಬೂಟು ಕಳಚಿ ತಾವಾಗಿ ಇಳಿದರು. ಆಗ ಒತ್ತಿದೆ.

ಜೂನ್ 19, ಬುಧವಾರ

22. ಮೋಡ. ಥರ್ಮಾಸಿನ ಚಹಾ ಪೂರ್ತಿ ನಾನೇ ಕುಡಿದೆ.

ಜುಲೈ 28, ಭಾನುವಾರ

204! ಕೂರಲು ಹುಲ್ಲಿನ ಮೇಲೆ ಜಾಗವಿರಲಿಲ್ಲ. ಗಾಡ್‌ಫ್ರೀ ನೀರಿನ ಅಂಚಿನಲ್ಲಿ ಪ್ಯಾಂಟು ಮಡಚಿ ನಿಂತಿದ್ದ. ಪಾದಕ್ಕೆ ನೀರು ಸೋಕದಂತೆ, ಎಷ್ಟೋ ಹೊತ್ತು. ನೋಡದವಳಂತೆ ಇದ್ದೆ.

ಆಗಸ್ಟ್ 11, ಭಾನುವಾರ

ಹತ್ತೊಂಬತ್ತು ದಿನ ಮುಗಿಯಿತು. ಒಟ್ಟು 1921. ಕೊನೆಯ ದಿನ ಈ ಬುಧವಾರ, 79 ಬೇಕು. ವಾರದ ದಿನ ನಲವತ್ತರ ಮೇಲೆ ಹೋಗುವುದಿಲ್ಲ... ಆದರೆ ಬುಧವಾರ ಬೇಸಿಗೆ ಶಿಬಿರ ನಡೆಸುವ ಹುಡುಗಿ, ಜೋಡಿ ಎಂಬವಳು, ಶಿಬಿರದ ಮಕ್ಕಳನ್ನು ಕರೆತರುತ್ತಾಳೆ. ಪ್ರತಿ ವರ್ಷವೂ ತರುತ್ತಾಳೆ, ನಾವು ಹೇಳಿಕೊಟ್ಟದ್ದಲ್ಲ. ಈ ಸಲ ದೊಡ್ಡವರೂ ಸೇರಿ ನಲವತ್ಮೂರು. ಗಾಡ್‌ಫ್ರೀ ಮೂರು ಸಲ ಕೂಡಿಸಿ ನೋಡಿದ. ಮುಖ ಮಗುವಿನ ಹಾಗಾಗಿತ್ತು.

ಆಗಸ್ಟ್ 14, ಬುಧವಾರ, ಸಂಜೆ 6

ಬರೆಯಬೇಕು. ಇದನ್ನು ವಿನ್ನಿಯ ಕಾಗದಕ್ಕೆ ಇಳಿಸುವುದಿಲ್ಲ.

ಹನ್ನೊಂದರ ತನಕ 29. ಒಳ್ಳೆಯ ಬಿಸಿಲು. ಒಂಬತ್ತು ದಿನದಿಂದ ಒಂದು ಹನಿ ಮಳೆಯಿಲ್ಲ. ಗಾಡ್‌ಫ್ರೀ ಆಸ್ಪತ್ರೆಯಲ್ಲಿ, ತಪಾಸಣೆಗೆ. ನಾನೊಬ್ಬಳೇ.

ಹನ್ನೊಂದೂ ಹತ್ತಕ್ಕೆ ವಾಸನೆ. ಎದ್ದು ಹೋಗಿ ನೋಡಿದೆ. ಕೊಳವೆಯ ಬಾಯಿಯ ಮುಚ್ಚಳ ಎತ್ತಿಕೊಂಡಿದೆ, ಬೂದು ನೀರು ಸುರಿಯುತ್ತಿದೆ, ಜೊತೆಗೆ ಚಿಂದಿ, ಕಾಗದ. ಇನ್ನೇನು ಎಂದು ಬರೆಯುವುದಿಲ್ಲ. ಫೋನು ತೆಗೆದು ಕಂಪನಿಯ ನಕ್ಷೆ ನೋಡಿದೆ. ನಮ್ಮ ಕೊಳವೆಗೆ ಹಸಿರು ಚುಕ್ಕೆ. ಮುಚ್ಚಿದೆಯಂತೆ.

ಬೆಂಚಿಗೆ ವಾಪಸು ಬರುವಷ್ಟರಲ್ಲಿ ಬೇಲಿಯಾಚೆ ಮಕ್ಕಳ ಗದ್ದಲ. ಸಾಲಾಗಿ ಬಂದರು, ಹೆಗಲ ಮೇಲೆ ಟವೆಲು. ಮುಂದಿದ್ದ ಇಬ್ಬರು ಆಗಲೇ ಬೂಟು ಕಳಚುತ್ತಿದ್ದರು.

ಯಂತ್ರ ಕೈಯಲ್ಲಿತ್ತು. ಇಪ್ಪತ್ತು ಸೆಕೆಂಡು ಸುಮ್ಮನಿದ್ದೆ. ಇಪ್ಪತ್ತೊಂಬತ್ತಕ್ಕೆ ನಲವತ್ಮೂರು, ಎಪ್ಪತ್ತೆರಡು. ಮಧ್ಯಾಹ್ನದ ಮೇಲೆ ಇನ್ನೊಂದು ಏಳು ಜನ ಬಂದೇ ಬರುತ್ತಾರೆ. ಮಡು ಪಟ್ಟಿಗೆ ಸೇರುತ್ತದೆ. ಬರುವ ವರ್ಷದಿಂದ ಶೀಶೆ ಹಿಡಿದು ಅಧಿಕಾರಿಗಳು ಬರುತ್ತಾರೆ... ಇಷ್ಟನ್ನೂ ಕೂಡಿಸಿದೆ. ಮಕ್ಕಳನ್ನು ಎದುರಿಗಿಟ್ಟುಕೊಂಡು ಕೂಡಿಸಿದೆ. ಇದನ್ನು ಯಾರಿಗೂ ಹೇಳಲಾರೆ.

ಆಮೇಲೆ ಎದ್ದು ಮೆಟ್ಟಿಲಿಗೆ ಅಡ್ಡ ನಿಂತೆ.

“ಇವತ್ತು ಇಳಿಸಬೇಡ ಕಣೆ ಜೋಡಿ. ಮೇಲೆ ಕೊಳವೆ ಬಿಟ್ಟಿದಾರೆ.”

“ಬೆಳಗ್ಗೆ ಫೋನ್ ನೋಡ್ಕೊಂಡೇ ಹೊರಟಿದ್ದು ಮಿಸೆಸ್ ಪೆಲ್. ಹಸಿರಿತ್ತು. ಈಗ್ಲೂ ಹಸಿರೇ ಇದೆ, ನೋಡಿ.”

“ಫೋನಿಗೆ ಮೂಗಿಲ್ಲ. ನಿನಗಿದೆ. ಎರಡು ಹೆಜ್ಜೆ ಮೇಲೆ ಹೋಗಿ ಬಾ.”

ಹೋಗಿ ಬಂದಳು. ಮುಖ ಸುಕ್ಕಾಗಿತ್ತು.

“ಎರಡು ಬಸ್ಸು ಬದಲಾಯಿಸಿ ಕರ್ಕೊಂಡ್ ಬಂದಿದೀನಿ. ಇವರಿಗೆ ಏನ್ ಹೇಳ್ಲಿ ನಾನು?”

“ಅಡುಗೆಮನೆಯ ಮುದುಕಿ ಬಿಡ್ಲಿಲ್ಲ ಅಂತ ಹೇಳು. ಅವಳು ಎಲೆಕೋಸು ತಿನ್ಸೋವಾಗ್ಲೂ ಹಿಂಗೇ ಹಟ ಮಾಡ್ತಿದ್ಲು ಅಂತ ಹೇಳು.”

ನಗಲಿಲ್ಲ. ಮಕ್ಕಳಲ್ಲಿ ಒಂದಿಬ್ಬರು ಅತ್ತರು. ಒಬ್ಬ ಹುಡುಗಿ ನನ್ನನ್ನು ನೇರ ನೋಡಿ “ನೀವು ಕೆಟ್ಟವ್ರು” ಅಂದಳು. ನೀರಲ್ಲಿದ್ದವರನ್ನೂ ಕೂಗಿ ಮೇಲಕ್ಕೆ ಕರೆದೆ. ಮಧ್ಯಾಹ್ನ ಬಂದವರಿಗೆಲ್ಲ ಹೇಳಿದೆ. ಇಬ್ಬರು ಕೇಳದೆ ಇಳಿದರು. ಎಣಿಸಿದೆ.

31. ಒಟ್ಟು 1952.

ಆಗಸ್ಟ್ 15, ಗುರುವಾರ

ಗಾಡ್‌ಫ್ರೀ ಬಂದ. ಹಾಳೆ ನೋಡಿದ. ಕೂರಲಿಲ್ಲ.

“ಎಪ್ಪತ್ತೊಂಬತ್ತು ಬೇಕಿತ್ತು.”

“ಗೊತ್ತು.”

“ಒಂದು ದಿನ ಹೊಟ್ಟೆ ಕೆಡ್ತಿತ್ತು. ಎರಡು ದಿನ ಅಂತಿಟ್ಕೋ. ಈಗ ನೋಡು, ಎಷ್ಟು ವರ್ಷ ಯಾರೂ ಈ ಕಡೆ ತಲೆ ಹಾಕಲ್ಲ. ಆ ಮಕ್ಕಳು ಬರೋ ವರ್ಷ ಬರ್ತಾರೆ, ಅದರಾಚೆ ವರ್ಷ ಬರ್ತಾರೆ. ಆವಾಗೆಲ್ಲ ನೀನು ಮೆಟ್ಟಿಲಿಗೆ ಅಡ್ಡ ನಿಂತಿರ್ತೀಯಾ?”

“ನಿನ್ನ ಕಿಡ್ನಿ ಎರಡು ದಿನದ್ದಾಗಿತ್ತಾ ಗಾಡ್‌ಫ್ರೀ?”

ಹೇಳಬಾರದಿತ್ತು. ಹಾಳೆಯ ಅಂಚಿಗೆ ನಾನು ಎಳೆದಿದ್ದ ಗೆರೆಯ ಮೇಲೆ ಬೆರಳಿಟ್ಟ.

“ಇದೇನಿದು?”

ಅಲ್ಲಿ ಬರೆದದ್ದು ಇಷ್ಟು: ವಾಪಸು ಕಳಿಸಿದವರು, ಶಿಬಿರದವರೇ 43. ಕಾರಣ, ಒಂಬತ್ತು ದಿನ ಮಳೆಯಿಲ್ಲದಿದ್ದರೂ ಕೊಳವೆ ತೆರೆದಿತ್ತು, 11.10ರಿಂದ ನಾನು ಬೆಂಚಿನಿಂದ ಎದ್ದು ಮನೆಗೆ ಹೊರಡುವವರೆಗೆ, ಅಂದರೆ 3.00.

“ಫಾರಮ್ಮಿನಲ್ಲಿ ಇಂಥ ಕಾಲಂ ಇಲ್ಲ.”

“ಮನೇಲಿ ಸ್ಕೇಲ್ ಇತ್ತು.”

ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಜೋರಾಗಿ ಬಡಿದಿದ್ದರೆ ಒಳ್ಳೆಯದಿತ್ತು.

ಆಗಸ್ಟ್ 19, ಸೋಮವಾರ

ಫಾರಂ ಅಂಚೆಗೆ ಹಾಕಿದೆ. ಆ ಕಾಲಂ ಸಮೇತ. ಗಾಡ್‌ಫ್ರೀಯ ಕಿಟಕಿಯ ಪರದೆ ಅಲ್ಲಾಡಿತು.

ಸೆಪ್ಟೆಂಬರ್ 3, ಮಂಗಳವಾರ

ಗಾಡ್‌ಫ್ರೀ ಜೊತೆ ಮೂರು ವಾರದ ಹತ್ತಿರ ಮಾತಿಲ್ಲ. ಇವತ್ತು ಒಂದು ಬೋಗುಣಿ ಪ್ಲಮ್ ಹಣ್ಣು ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದ.

“ನಾನಲ್ಲಿದ್ದಿದ್ರೆ ಒತ್ತಿಬಿಡ್ತಿದ್ದೆ. ನಲವತ್ಮೂರು ಸಲ. ಮೆಟ್ಟಿಲು ಇಳಿಯೋಕೆ ಕೈ ಕೂಡ ಕೊಡ್ತಿದ್ನೇನೋ.” ಬೋಗುಣಿಯನ್ನೇ ನೋಡುತ್ತಿದ್ದ. “ಅದು ಗೊತ್ತಾದ ಮೇಲೆ ನಿನ್ನ ಮುಖ ನೋಡೋಕಾಗ್ಲಿಲ್ಲ.”

ಹೇಳಲಾರೆ ಅಂದುಕೊಂಡದ್ದನ್ನು ಹೇಳಿಬಿಟ್ಟೆ. ಆ ಇಪ್ಪತ್ತು ಸೆಕೆಂಡಿನ ಕೂಡಿಕೆ.

“ನೀನೂನಾ?” ಅಂದ. ಏನೋ ಭಾರ ಇಳಿದವನ ಹಾಗೆ ಕುರ್ಚಿ ಎಳೆದುಕೊಂಡ. ಪ್ಲಮ್ ಹುಳಿ. ಜಾಮ್ ಮಾಡಬೇಕು.

ನವೆಂಬರ್ 11, ಸೋಮವಾರ

ಉತ್ತರ ಬಂತು. ಸರಾಸರಿ 97.6. ಅರ್ಜಿ ತಿರಸ್ಕಾರ. ಮುಂದಿನ ವರ್ಷ ಹೊಸದಾಗಿ ಹಾಕಿಕೊಳ್ಳಬಹುದು.

ಗಾಡ್‌ಫ್ರೀಗೆ ನಾನೇ ಓದಿ ಹೇಳಿದೆ. “ಎರಡೂವರೆಯೂ ಇಲ್ಲ ಕೊರತೆ,” ಅಂದ. ಆಮೇಲೆ ಅವನ ಇನ್ನೊಂದು ಸುದ್ದಿ. ಉಳಿದ ಕಿಡ್ನಿಯೂ ಸೋಲುತ್ತಿದೆ. ಹೊಸ ವರ್ಷದಿಂದ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ.

ನವೆಂಬರ್ 20, ಬುಧವಾರ

ಬಾಗಿಲಲ್ಲಿ ಒಬ್ಬ ಹೆಂಗಸು, ರಬ್ಬರ್ ಬೂಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಮಿಸ್ ರಹಮಾನ್. ನದಿಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯವಳು, ಕೈಯಲ್ಲಿ ನಾನು ಕಳಿಸಿದ ಫಾರಮ್ಮಿನ ಪ್ರತಿ.

“ಈ ಕಾಲಂ ಎಳೆದಿದ್ದು ನೀವೇನಾ?”

ಬೈಯಲು ಬಂದಿದ್ದಾಳೆ ಎಂದುಕೊಂಡೆ. ಹಾಗಲ್ಲ. ಆ ದಿನ ಅಳತೆಯ ಉಪಕರಣ ಕೆಟ್ಟಿತ್ತು, ಆದರೂ ಕೊಳವೆ ಮುಚ್ಚಿಯೇ ಇತ್ತು ಎಂದು ಕಂಪನಿ ಬರೆದುಕೊಟ್ಟಿದೆಯಂತೆ. ಮಳೆಯಿಲ್ಲದ ದಿನ ಬಿಟ್ಟರೆ ಅದು ಅಪರಾಧ. ಬಿಟ್ಟದ್ದನ್ನು ಗಂಟೆ ಸಮೇತ ಬರೆದಿಟ್ಟ ಹಾಳೆ ಇದೊಂದೇ. ಜೋಡಿಯ ಬಳಿಗೂ ಹೋಗಿದ್ದಳಂತೆ. ಜೋಡಿ, ಜೊತೆಗಿದ್ದ ದೊಡ್ಡವರು ನಾಲ್ವರು, ಎಲ್ಲರೂ ಸಹಿ ಹಾಕಿಕೊಟ್ಟಿದ್ದಾರೆ.

ಮಡುವಿಗೆ ಕರೆದುಕೊಂಡು ಹೋದೆ. ಕೆಸರಲ್ಲಿ ಮಂಡಿಯೂರಿ ಮುಚ್ಚಳ ಎತ್ತಿ ನೋಡಿದಳು, ಫೋಟೋ ತೆಗೆದಳು.

“ಏನಾಗತ್ತೆ ಇದರಿಂದ?” ಕೇಳಿದೆ.

“ಸುಳ್ಳು ಹೇಳಲ್ಲ ಮಿಸೆಸ್ ಪೆಲ್. ಹನ್ನೊಂದು ನೂರು ಕೊಳವೆಗೆ ನಾವು ಮೂರೇ ಜನ. ಕಂಪನಿ ಕಳಿಸಿದ್ದನ್ನ ಓದ್ತೀವಿ, ಅಷ್ಟೇ ಆಗೋದು. ಆದರೆ ಇದನ್ನ ಬಿಡಲ್ಲ.”

ಬಿಸಿ ಸೂಪು ಕೊಟ್ಟೆ. ಎರಡು ಬಟ್ಟಲು ಕುಡಿದಳು. ಮಧ್ಯಾಹ್ನದ ಊಟ ಮಾಡದೆ ಬಂದಿತ್ತು, ಪಾಪ.

ಡಿಸೆಂಬರ್ 1, ಭಾನುವಾರ

ಪ್ರೀತಿಯ ವಿನ್ನಿ ಅಕ್ಕ,

ಕಂಪನಿಯ ಮೇಲೆ ತನಿಖೆ ತೆರೆದಿದ್ದಾರೆಂದು ನಿನ್ನೆ ಕಾಗದ ಬಂತು. ಎರಡೇ ಸಾಲು. ವರ್ಷವೋ ಎರಡು ವರ್ಷವೋ, ಎಷ್ಟು ಹಿಡಿಯುತ್ತದೋ ಗೊತ್ತಿಲ್ಲ. ಗಾಡ್‌ಫ್ರೀ ಅದನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿ ಬಂದ. ಮೇ ತಿಂಗಳಲ್ಲಿ ಮತ್ತೆ ಎಣಿಸುತ್ತೇವೆ. ಆದರೆ ವಾರದ ದಿನಗಳಲ್ಲಿ ಅವನು ಬರಲಾರ, ಆಸ್ಪತ್ರೆ.

ನಾನೊಬ್ಬಳೇ ಕೂರಲು ಒಪ್ಪಿಲ್ಲ. ಕಾಲುನೋವು ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ಯಂತ್ರ ಕೈಯಲ್ಲಿದ್ದಾಗ ನಾನು ಮಕ್ಕಳನ್ನು ನೋಡಲಿಲ್ಲ, ಸಂಖ್ಯೆ ನೋಡಿದೆ. ಸ್ವಲ್ಪ ಹೊತ್ತೇ, ಆದರೂ ನೋಡಿದೆ. ಈ ಸಲ ಅದು ಬೇರೆಯವರ ಕೈಯಲ್ಲಿರಲಿ. ನೀನು ಈಜಬೇಕಾಗಿಲ್ಲ, ಮಂಡಿ ಬಗ್ಗಿಸಬೇಕಾಗಿಲ್ಲ. ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತು ಒತ್ತುತ್ತಿರು. ನಾನು ಮೆಟ್ಟಿಲ ಹತ್ತಿರ ನಿಂತಿರುತ್ತೇನೆ.

ಬರುತ್ತೀಯಾ? ಹತ್ತು ದಿನ ಸಾಕು. ಬೇಗ ಬರಿ ಅಕ್ಕ, ಜನವರಿಯೊಳಗೆ ಹೆಸರು ಬರೆದುಕೊಡಬೇಕು. ನಿನ್ನದನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ, ನಿನ್ನ ಕಾಗದ ಕೈಸೇರಿದ ಕೂಡಲೇ ಶಾಯಿಯಲ್ಲಿ ಬರೆಯುತ್ತೇನೆ.